ಅಳತೆ ಪುಸ್ತಕದಲ್ಲಿ ಚಿಟಿಕೆಯ ಪುಟ

ಜೂನ್ ೧೪, ಭಾನುವಾರ

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರ.

ದಿನಾ ಸಂಜೆ ಮಗನ ಜೊತೆ ಫೋನಿನಲ್ಲಿ ಮಾತಾಡುವವರಿಗೆ ಸೊಸೆಯಿಂದ ಕಾಗದ ಬಂತೆಂದರೆ ಎದೆ ಧಸಕ್ಕೆನ್ನುವುದು ಸಹಜ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮೊಮ್ಮಗಳು ಚಿಟಿಕೆ ಚೆನ್ನಾಗಿದ್ದಾಳೆ. ಆಪರೇಷನ್ ಆಗಿ ಆರು ತಿಂಗಳು ಹನ್ನೆರಡು ದಿನವಾಯಿತು, ಒಂದೇ ಒಂದು ಸಲವೂ ಫಿಟ್ಸ್ ಬಂದಿಲ್ಲ. ತಲೆಯ ಎಡಗಡೆಯ ಹೊಲಿಗೆ ಕೂದಲೊಳಗೆ ಮುಚ್ಚಿಹೋಗಿದೆ. ನೀವು ನೋಡಿದ್ದರೆ ಸರ್ಜನ್ ಮೇಡಂ ಹಾಕಿದ ಹೊಲಿಗೆಯಲ್ಲೂ ಏನಾದರೊಂದು ಓರೆಕೋರೆ ಹುಡುಕುತ್ತಿದ್ದಿರಿ. ನನ್ನ ಕಣ್ಣಿಗಂತೂ ನೀಟಾಗಿಯೇ ಕಂಡಿತು.

ಇಷ್ಟನ್ನು ನಿಮ್ಮ ಮಗ ಹೇಳಿರುತ್ತಾರೆ. ಅವರು ಹೇಳದೆ ಉಳಿಸಿಕೊಂಡದ್ದು ಒಂದಿದೆ. ಅದನ್ನು ನಾನೇ ಹೇಳಬೇಕು, ಅವರು ಬಾಯಿ ಬಿಡಕೂಡದು ಎಂದು ತಾಕೀತು ಮಾಡಿದ್ದೆ. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಹೊರಟೆ. ನೀವು "ಹೇಳಮ್ಮ" ಎನ್ನುವಷ್ಟರಲ್ಲಿ ನಾನು ನಿಮ್ಮ ಮಂಡಿನೋವು, ನಾದಿನಿ ಮನೆಯ ನೀರಿನ ಪಂಪು ಅಂತ ಎಲ್ಲೆಲ್ಲೋ ಸುತ್ತಿ ಫೋನ್ ಇಟ್ಟುಬಿಟ್ಟೆ. ಕಾಗದದಲ್ಲಿ ಹಾಗೆ ತಪ್ಪಿಸಿಕೊಳ್ಳಲಾಗುವುದಿಲ್ಲ. ನಿಮಗೂ ಅನುಕೂಲ, ಕೋಪ ಬಂದಲ್ಲಿ ಮಡಚಿಟ್ಟು ಆಮೇಲೆ ಓದಬಹುದು.

ನವೆಂಬರಿನ ಆ ಬೆಳಗ್ಗೆಯಿಂದ ಶುರು ಮಾಡುತ್ತೇನೆ. ನನ್ನ ನೋಟ್‌ಬುಕ್ ಊಟದ ಮೇಜಿನ ಮೇಲಿತ್ತು. ಚಿಟಿಕೆ ತಾನಾಗಿ ಆಡುವ ಮಾತುಗಳನ್ನೆಲ್ಲ ಬರೆದು ತನ್ನಿ, ಆಪರೇಷನ್ನಿಗೆ ಮುಂಚೆ ಎಷ್ಟಿದ್ದವು, ಆಮೇಲೆ ಎಷ್ಟಾದವು ಎಂದು ಹೋಲಿಸಿ ನೋಡಬೇಕು ಎಂದು ಆಸ್ಪತ್ರೆಯ ಮಾತಿನ ಟೀಚರ್ ಹೇಳಿದ್ದರು. ಅವರ ಹುದ್ದೆಗೆ ಉದ್ದನೆಯ ಹೆಸರೇನೋ ಇದೆ, ಮಕ್ಕಳಿಗೆ ಮಾತು ಕಲಿಸುವವರಾದ್ದರಿಂದ ನಮ್ಮ ಮನೆಯಲ್ಲಿ ಅವರು ಮಾತಿನ ಟೀಚರೇ. ನೀವು ಕನ್ನಡಕ ಹಾಕಿಕೊಂಡು ನಾಲ್ಕೂ ಪುಟಗಳನ್ನು ಬೆರಳಿಟ್ಟು ಓದಿದಿರಿ. ಒಟ್ಟು ನೂರ ಹನ್ನೆರಡು ಮಾತು. ಕನ್ನಡಕ ತೆಗೆದು, "ಇದ್ರಲ್ಲಿ ಅರ್ಧಕ್ಕರ್ಧ ನಿನ್ನ ಮಾತು ಕಣಮ್ಮ, ಮಗೂದಲ್ಲ" ಎಂದಿರಿ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಆಮೇಲೆ ಬಟ್ಟೆ ಬಿಗಿಯಾಯಿತು ಅಂತ ಟೈಲರನ್ನು ಬೈಯುವ ಹಾಗಿಲ್ಲ ಎಂದೂ ಹೇಳಿದಿರಿ.

ಅದಕ್ಕೆ ನಾನೇನು ಅಂದೆ ಎಂಬುದು ನಿಮಗೆ ನೆನಪಿದೆ. ನಿಮಗೆ ನೆನಪಿದೆ ಎಂಬುದೇ ನನಗೆ ನಾಚಿಕೆ. "ನಿಮಗೆ ಆಪರೇಷನ್ ಬೇಡ. ಅದಕ್ಕೇ ನನ್ನ ಮಗು ಮೂಗಿ ಅಂತ ತೋರಿಸ್ಬೇಕು" ಅಂದೆ. ನಿಮ್ಮ ಮಗನ ಎದುರಿಗೇ ಅಂದೆ. ಇರುವ ಮಾತೂ ಹೋಗಿಬಿಟ್ಟರೆ ಏನು ಗತಿ ಎಂದು ನೀವು ಹೆದರಿದ್ದಿರೇ ಹೊರತು ಆಪರೇಷನ್ ಬೇಡ ಎಂದು ಒಂದು ದಿನವೂ ಹೇಳಿದವರಲ್ಲ. ಕತ್ತರಿಗಳನ್ನು ಡ್ರಾಯರಿಗೆ ಹಾಕಿದಿರಿ, ಹೊಲಿಗೆ ಮಷಿನ್ನಿಗೆ ಬಟ್ಟೆ ಹೊದಿಸಿದಿರಿ, ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಹೊರಟಿರಿ. ಆ ನಾಲ್ಕು ದಿನಕ್ಕೆ ಈಗ ಏಳು ತಿಂಗಳು.

ಅತ್ತೆ, ನೀವು ಹೇಳಿದ್ದು ನಿಜ. ಅರ್ಧವಲ್ಲ, ಅರ್ಧಕ್ಕಿಂತ ಜಾಸ್ತಿ ನನ್ನವೇ.

ಬೇಕೆಂದೇ ಸುಳ್ಳು ಬರೆಯಲು ಕೂತವಳಲ್ಲ ನಾನು. ಹನ್ನೊಂದು ವರ್ಷದಿಂದ ಬಸ್ ನಿಲ್ದಾಣದ ಕೌಂಟರಿನಲ್ಲಿ ಕೂತು ಕೂತು ನನಗೊಂದು ರೋಗ ಅಂಟಿದೆ. ಗಾಜಿನಾಚೆ ಮನುಷ್ಯ ಬಾಯಿ ತೆರೆಯುವುದರೊಳಗೆ ಅವನ ಚೀಲ, ಚಪ್ಪಲಿ, ಅವಸರ ನೋಡಿ ಎಲ್ಲಿಗೆ ಹೋಗುವವನು ಎಂದು ಹೇಳಿ ಟಿಕೆಟ್ ಹರಿದುಕೊಡುತ್ತೇನೆ. ಹತ್ತಕ್ಕೆ ಒಂಬತ್ತು ಸರಿಯಿರುತ್ತದೆ. ನನ್ನ ಸಾಲು ಎಲ್ಲರಿಗಿಂತ ಬೇಗ ಕರಗುತ್ತದೆ ಎಂದು ಮೇಲಧಿಕಾರಿ ಹೊಗಳಿದ್ದೂ ಉಂಟು. ಮನೆಗೆ ಬಂದರೂ ಅದೇ. ಚಿಟಿಕೆ ನಲ್ಲಿಯ ಕಡೆ ನೋಡಿ "ಊಂ" ಎಂದರೆ ನಾನು ಲೋಟ ತುಂಬಿಸಿ ಕೈಗೆ ಕೊಟ್ಟು, ನೋಟ್‌ಬುಕ್ಕಿನಲ್ಲಿ "ನೀರು ಕೊಡು" ಎಂದು ಬರೆದೆ. ಅವಳ ಕಣ್ಣಲ್ಲಿ ಕಂಡದ್ದನ್ನು ಅವಳ ಬಾಯಿಂದ ಬಂತೆಂದು ಬರೆದುಕೊಂಡೆ. ಮೊದಲ ಇಪ್ಪತ್ತು ಹಾಗೆ ಸೇರಿದವು.

ಮಿಕ್ಕವು ಹೆದರಿಕೆಯಿಂದ ಬರೆದವು. ಐದು ವರ್ಷದ ಮಗುವಿಗೆ ಇಷ್ಟೇ ಮಾತೇ, ಹಾಗಿದ್ದರೆ ಇವಳ ತಲೆ ತೆರೆದು ಏನು ಪ್ರಯೋಜನ ಎಂದು ಡಾಕ್ಟರುಗಳು ಕೈಬಿಟ್ಟುಬಿಟ್ಟರೆ ಎಂಬ ಭಯ. ಕಾಪಾಡುವುದಕ್ಕೆ ಏನಾದರೂ ಇದೆ ಎಂದು ತೋರಿಸಬೇಕಿತ್ತು ನನಗೆ. "ಚಮಚ" ಬರೆದೆ, "ಬಾಗಿಲು" ಬರೆದೆ, "ಅಪ್ಪ ಬಂದ್ರು" ಬರೆದೆ. ನಿಮಗೆ ಬೇಜಾರಾಗಬಾರದೆಂದು ಪಟ್ಟಿಯ ಮೂರನೆಯ ಮಾತಾಗಿ "ಅಜ್ಜಿ" ಎಂದೂ ಬರೆದೆ. ಪರೀಕ್ಷೆಯ ದಿನ ಚಿತ್ರ ತೋರಿಸಿ ಕೇಳೋಣವೆಂದರೆ ಬೆಳಗ್ಗೆಯೇ ಎರಡು ಸಲ ಫಿಟ್ಸ್ ಬಂದು ಮಗು ಟೇಬಲ್ಲಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತ್ತು. ಆಪರೇಷನ್ ಹತ್ತಿರ ಬಂದಿತ್ತು, ಇನ್ನೊಂದು ದಿನ ಸಿಗಲಿಲ್ಲ. ಹಾಗಾಗಿ ಟೀಚರ್ ನನ್ನ ನೋಟ್‌ಬುಕ್ಕನ್ನೇ ನಂಬಿ ಫೈಲಿಗೆ ಹಾಕಿಕೊಂಡರು.

ಆಪರೇಷನ್ನಿನ ದಿನದ್ದು ನಿಮಗೆ ಗೊತ್ತಿದೆ, ಏಳು ಗಂಟೆ ಕಾಲ ನಿಮ್ಮ ಮಗ ಫೋನ್ ಕಿವಿಗಂಟಿಸಿಕೊಂಡು ನಿಮಗೆ ವರದಿ ಒಪ್ಪಿಸಿದ್ದಾರೆ. ಹುಟ್ಟುವಾಗಲೇ ಸರಿಯಾಗಿ ಬೆಳೆಯದೆ ಉಳಿದಿದ್ದ ಮಿದುಳಿನ ಆ ಜಾಗ ಮಾತಿನ ಜಾಗದ ನೆರೆಮನೆಯಂತೆ. ಅಲ್ಲಿಂದಲೇ ಫಿಟ್ಸ್ ಏಳುತ್ತಿದ್ದುದು. ಅದನ್ನು ತೆಗೆದು ಮಾತಿನ ಜಾಗವನ್ನು ಮುಟ್ಟದೆ ಬಂದೆ ಎಂದರು ಸರ್ಜನ್ ಮೇಡಂ. ಹೊರಗೆ ಬಂದಾಗ ಅವರ ಹಣೆಯ ಮೇಲೆ ಟೋಪಿಯ ಗೆರೆ ಕೆಂಪಗೆ ಅಚ್ಚೊತ್ತಿತ್ತು. ನಾನು ಅವರ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲವಂತೆ, ನನಗೆ ನೆನಪಿಲ್ಲ. ಆಮೇಲೆ ಚಿಟಿಕೆ ಹನ್ನೊಂದು ದಿನ ತುಟಿ ಬಿಚ್ಚಲಿಲ್ಲ. ಹೀಗಾಗುವುದುಂಟು, ಕಾಯಿರಿ ಎಂದಿದ್ದರು. ಹನ್ನೆರಡನೆಯ ದಿನ ಸೂಜಿ ಹಿಡಿದು ಬಂದ ನರ್ಸಿಗೆ "ಬೇಡ" ಎಂದಳು. ಆ ನರ್ಸ್ ಖುಷಿಗೆ ಸೂಜಿ ಹಾಗೇ ಟ್ರೇಯಲ್ಲಿಟ್ಟು ಎಲ್ಲರನ್ನೂ ಕರೆಯಲು ಓಡಿದರು. ಅಷ್ಟು ಜನರ ಋಣ ನಮ್ಮ ಮೇಲಿದೆ, ಅತ್ತೆ.

ಈಗ ನಿಮ್ಮಿಂದ ಮುಚ್ಚಿಟ್ಟದ್ದು. ಈ ತಿಂಗಳ ನಾಲ್ಕರಂದು, ಗುರುವಾರ, ಆರು ತಿಂಗಳ ಪರೀಕ್ಷೆ ಇತ್ತು. ಈ ಸಲ ನನ್ನನ್ನು ಹೊರಗೆ ಕೂರಿಸಿ, ಮಗುವಿನ ಜೊತೆ ಆಟವಾಡುತ್ತಲೇ ಎರಡು ಗಂಟೆ ಮಾತೆಣಿಸಿದರು. ಎಪ್ಪತ್ತೊಂದು. ಟೀಚರ್ ಫೈಲ್ ತೆಗೆದರು. ಅದರಲ್ಲಿ ನೂರ ಹನ್ನೆರಡು. ಅವರ ಮುಖ ಇಷ್ಟೇ ಇಷ್ಟಾಯಿತು. ನಲವತ್ತೊಂದು ಮಾತು ಹೋಗಿವೆಯಲ್ಲ, ನಮ್ಮ ಕಣ್ಣಿಗೆ ಬೀಳದ ಹಾಗೆ ಒಳಗೊಳಗೇ ಫಿಟ್ಸ್ ಬರುತ್ತಿರಬಹುದು, ಸೋಮವಾರ ಎಲ್ಲರೂ ಕೂತು ಮಾತಾಡೋಣ, ನಿಲ್ಲಿಸಿದ ಎರಡನೆಯ ಔಷಧಿಯನ್ನು ಮತ್ತೆ ಶುರು ಮಾಡಬೇಕಾಗಬಹುದು ಎಂದರು. ಯಾವ ಔಷಧಿ ಗೊತ್ತಲ್ಲ? ಮಗುವನ್ನು ಹಗಲಿಡೀ ಜೊಂಪಿನಲ್ಲಿಡುತ್ತಿದ್ದದ್ದು. ನಿಮ್ಮ ಮಷಿನ್ನಿನ ಪಕ್ಕ ಕೂತಲ್ಲೇ ತೂಕಡಿಸಿ ಬಟ್ಟೆಯ ರಾಶಿಗೆ ಒರಗುತ್ತಿದ್ದಳಲ್ಲ, ಅದು.

ನಿಮ್ಮ ಮಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಂಟು ಮಹಡಿಯ ಲಿಫ್ಟು ನಡುವೆ ನಿಂತರೂ ಹಗ್ಗಕ್ಕೆ ಜೋತುಬಿದ್ದು ಸೀಟಿ ಹೊಡೆಯುತ್ತ ರಿಪೇರಿ ಮಾಡುವ ಮನುಷ್ಯ. "ನಾನೇ ಅಲ್ವಾ ಸೈನ್ ಹಾಕಿದ್ದು" ಎಂದು ಅತ್ತರು. ನನಗೆ ಗೊತ್ತಿತ್ತು. ಆ ನಲವತ್ತೊಂದು ಮಾತು ಎಲ್ಲೂ ಹೋಗಿಲ್ಲ, ಅವು ಇರಲೇ ಇಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಎರಡು ದಿನ ಗರಬಡಿದವಳ ಹಾಗೆ ಓಡಾಡಿದೆ. ಹೇಳಿದರೆ, ಎಂಥ ತಾಯಿ ಇವಳು ಎನ್ನುತ್ತಾರೆ. ಹೇಳದಿದ್ದರೆ ಮಗು ಮತ್ತೆ ಆ ಜೊಂಪಿಗೆ ಬೀಳುತ್ತದೆ. ಇದರಲ್ಲಿ ಯೋಚಿಸುವುದೇನಿದೆ ಎಂದು ನೀವು ಕೇಳುತ್ತೀರಿ. ನಾನು ಎರಡು ದಿನ ಯೋಚಿಸಿದೆ, ಅದನ್ನೂ ಬರೆದಿಡುತ್ತೇನೆ.

ಶನಿವಾರ ಚಿಟಿಕೆಯನ್ನು ಶಾಲೆ ಯೂನಿಫಾರ್ಮಿಗೆಂದು ರಸ್ತೆ ತಿರುವಿನ ಟೈಲರ್ ಹತ್ತಿರ ಕರೆದುಕೊಂಡು ಹೋದೆ. ಅವರು ಟೇಪು ಹಿಡಿದು ಹತ್ತಿರ ಬಂದದ್ದೇ ತಡ, ಮಗು ಚಿಟ್ಟನೆ ಚೀರಿ ನನ್ನ ಕಾಲು ತಬ್ಬಿಕೊಂಡಳು. ಆಸ್ಪತ್ರೆಯಲ್ಲಿ ತಲೆಗೆ ವೈರು ಅಂಟಿಸುವ ಮುಂಚೆ ಅಂಥದೇ ಟೇಪಿನಲ್ಲಿ ಅಳೆದು ಗುರುತು ಹಾಕುತ್ತಿದ್ದರಲ್ಲ, ಅವಳಿಗೆ ಟೇಪು ಎಂದರೆ ಅದೇ. ಮನೆಯಲ್ಲಿ ಹಳೆ ಅಳತೆ ಇದ್ದರೆ ತನ್ನಿ, ಎರಡಿಂಚು ಸೇರಿಸಿ ಹೊಲಿಯುತ್ತೇನೆ ಎಂದರು ಆ ಪುಣ್ಯಾತ್ಮ. ಏಳು ತಿಂಗಳಲ್ಲಿ ಮೊದಲ ಸಲ ನಿಮ್ಮ ಡ್ರಾಯರ್ ಎಳೆದೆ.

ಅಳತೆ ಪುಸ್ತಕದಲ್ಲಿ ಎಷ್ಟು ಗಿರಾಕಿಗಳೋ ಅಷ್ಟು ಪುಟ. ಚಿಟಿಕೆಯದು ಕೊನೆಯಲ್ಲಿತ್ತು. ಭುಜ, ಎದೆ, ತೋಳು, ಉದ್ದ. ಅದರ ಕೆಳಗೆ ಗೆರೆ ಎಳೆದು, "ಮಾತು. ಯಾರೂ ಹೇಳಿಕೊಡದೆ, ನನ್ನ ಕಿವಿಗೆ ಬಿದ್ದದ್ದು" ಎಂದು ಬರೆದಿದ್ದಿರಿ.

ಒಂದೊಂದು ಮಾತಿನ ಮುಂದೆ ತಾರೀಖು. "ಅಮ್ಮ. ಬಾಗಿಲ ಕಡೆ ನೋಡ್ತಾ." "ಬೇಡ. ಎರಡು ಸಲ, ಗಟ್ಟಿಯಾಗಿ." "ಟಕಟಕ. ಮಷಿನ್ನಿಗೆ ಹೇಳಿದ್ದು. ಲೆಕ್ಕಕ್ಕೆ ತಗೊಂಡಿದ್ದೀನಿ." "ಸೂಜಿ." "ಚಂದ್ರ. ಕಿಟಕಿಯಲ್ಲಿ." ಹೀಗೆ ನಲವತ್ತೇಳು. ಆಮೇಲೆ ಕಂಡಿತು, ಒಂಬತ್ತು ಮಾತುಗಳ ಮೇಲೆ ತೆಳ್ಳಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ "ಈಗ ಹೇಳ್ತಿಲ್ಲ" ಎಂದು ಬರೆದಿದ್ದಿರಿ. ಚಂದ್ರನ ಮೇಲೂ ಗೆರೆ ಇತ್ತು. ಕೊನೆಯ ಐದು ತಿಂಗಳಲ್ಲಿ ಒಂದೇ ಒಂದು ಹೊಸ ಮಾತಿಲ್ಲ. ಅಂದರೆ ಆಪರೇಷನ್ನಿಗೆ ಮುಂಚೆಯೇ, ನಮ್ಮ ಕಣ್ಣೆದುರೇ, ಫಿಟ್ಸ್ ಒಂದೊಂದೇ ಮಾತನ್ನು ಎತ್ತಿಕೊಂಡು ಹೋಗುತ್ತಿತ್ತು. ನಾನು ನೂರ ಹನ್ನೆರಡಕ್ಕೆ ಏರಿಸುತ್ತಿದ್ದಾಗ ನೀವೊಬ್ಬರೇ ಕೂತು ಹೋದ ಮಾತುಗಳ ಮೇಲೆ ಗೆರೆ ಎಳೆಯುತ್ತಿದ್ದಿರಿ. ನಾನು ಮೂಗಿ ಅಂದ ದಿನ ಈ ಪುಸ್ತಕ ಎರಡು ಮಾರು ದೂರದ ಡ್ರಾಯರಿನಲ್ಲಿತ್ತು. ತೆಗೆದು ನನ್ನ ಮುಖದ ಮೇಲೆ ಹಿಡಿಯಬಹುದಿತ್ತು. ಆಸ್ಪತ್ರೆಯವರ ಎದುರು ಸೊಸೆ ಸುಳ್ಳಿಯಾಗುವುದು ಬೇಡ ಎಂದು ಬಿಟ್ಟಿರಿ ಅಲ್ಲವೇ?

ಇನ್ನೊಂದೂ ಕಂಡಿತು. ನಿಮ್ಮ ನಲವತ್ತೇಳರಲ್ಲಿ "ಅಜ್ಜಿ" ಇಲ್ಲ. ಮೇಲಿಂದ ಕೆಳಗೆ ಮೂರು ಸಲ ಹುಡುಕಿದೆ. ಹಗಲಿಡೀ ಮಗುವನ್ನು ನೋಡಿಕೊಂಡವರು ನೀವು, ಅವಳು ನಿಮ್ಮನ್ನು ಒಂದು ದಿನವೂ ಕರೆದಿರಲಿಲ್ಲ, ಕರೆದಳೆಂದು ನೀವು ಬರೆದುಕೊಳ್ಳಲಿಲ್ಲ. ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. ನಿಮ್ಮ ಮಗ ಬರುವವರೆಗೆ ಮಷಿನ್ನಿನ ಮೇಲೆ ತಲೆಯಿಟ್ಟು ಅಳುತ್ತಿದ್ದೆ.

ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಎದ್ದು ಹೋಗಿ ಮುಖ ತೊಳೆದು ಬಂದು, "ಅಮ್ಮನ ಪುಸ್ತಕ ಎಲ್ಲಿ, ಕೊಡು" ಎಂದರು. ಓದುತ್ತ ಓದುತ್ತ ಟಕಟಕಕ್ಕೆ ಬಂದಾಗ ನಕ್ಕರು. ಎರಡು ದಿನದಿಂದ ನಗದ ಮನುಷ್ಯ.

ಸೋಮವಾರ ಪುಸ್ತಕವನ್ನು ಟೀಚರ್ ಮುಂದಿಟ್ಟು, ನನ್ನ ಪಟ್ಟಿ ಸುಳ್ಳು, ಇದು ನಿಜ ಎಂದೆ. ಅಷ್ಟು ಚಿಕ್ಕ ವಾಕ್ಯವನ್ನು ನಾನು ಜನ್ಮದಲ್ಲಿ ಆಡಿಲ್ಲ. ಅವರು ಪೆನ್ನು ಹಿಡಿದು ಒಂದೊಂದೇ ತಾರೀಖು ನೋಡಿದರು. ಗೆರೆ ಎಳೆದವನ್ನು ಕಳೆದರು. ಮೂವತ್ತೆಂಟು. ಮೂವತ್ತೆಂಟರಿಂದ ಎಪ್ಪತ್ತೊಂದು. ಗೆರೆ ಬಿದ್ದ ಒಂಬತ್ತರಲ್ಲಿ ಏಳು ವಾಪಸು ಬಂದಿವೆ, ಚಂದ್ರನೂ ಸೇರಿ. ಮಗು ಇಳಿಯುತ್ತಿಲ್ಲ, ಹತ್ತುತ್ತಿದ್ದಾಳೆ ಎಂದರು. ಮಾತು ಕಡಿಮೆ ಇದೆಯೆಂದು ನಾವು ಯಾರನ್ನೂ ಕೈಬಿಡುವುದಿಲ್ಲ, ಮಾತು ನಿಂತುಹೋಗುತ್ತಿದೆ ಎಂಬುದೇ ಬೇಗ ಆಪರೇಷನ್ ಮಾಡಲು ದೊಡ್ಡ ಕಾರಣ ಎಂದೂ ಹೇಳಿದರು. ನನ್ನ ಸುಳ್ಳು ಆ ಕೆಲಸಕ್ಕೂ ಬೇಕಿರಲಿಲ್ಲ ನೋಡಿ. ಯಾವುದಕ್ಕೂ ಇರಲಿ ಎಂದು ಮತ್ತೊಮ್ಮೆ ತಲೆಗೆ ವೈರು ಅಂಟಿಸಿ ಒಂದು ಹಗಲು ನೋಡಿದರು, ಶುದ್ಧವಾಗಿತ್ತು. ಆ ಔಷಧಿಯ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಟೀಚರ್ ಪುಸ್ತಕ ಮುಚ್ಚಿ, "ಇವರು ಯಾವ ಆಸ್ಪತ್ರೇಲಿ ಕೆಲಸ ಮಾಡ್ತಿದ್ರು" ಎಂದು ಕೇಳಿದರು. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರು ಎಂದೆ. ಅವರ ಹತ್ತಿರ ಮಗು ಇಷ್ಟು ಮಾತಾಡಿದ್ದು ಹೇಗೆ ಎಂದು ಕೇಳಿದರು. ಯೋಚಿಸಿದೆ. ಥಟ್ಟನೆ ಹೊಳೆಯಿತು. ನಿಮ್ಮ ಬಾಯಲ್ಲಿ ಸದಾ ಗುಂಡುಸೂಜಿ. ತುಟಿಯ ನಡುವೆ ಆರೋ ಏಳೋ ಕಚ್ಚಿಕೊಂಡು ಮಡಿಕೆ ಕೂರಿಸುತ್ತಿದ್ದಿರಿ. ಮಗು ಬಂದು ಎಳೆದರೆ ನಿಮಗೆ ಉತ್ತರ ಕೊಡಲಾಗುತ್ತಿರಲಿಲ್ಲ. ಅವಳ ಮುಖ ನೋಡುತ್ತ, ಹುಬ್ಬೇರಿಸಿ, ಕಾಯುತ್ತಿದ್ದಿರಿ. ಆ ಖಾಲಿಯಲ್ಲಿ ಅವಳೇ ಏನಾದರೂ ಹೇಳಬೇಕಾಗುತ್ತಿತ್ತು, ಹೇಳುತ್ತಿದ್ದಳು. ನನ್ನ ಹತ್ತಿರ ಅವಳಿಗೆ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ. ಟೀಚರ್ ಅದನ್ನು ಕೇಳಿ ತಮ್ಮ ಕಾಗದದಲ್ಲಿ ಬರೆದುಕೊಂಡರು. ಬೇರೆ ತಾಯಂದಿರಿಗೂ ಹೇಳುತ್ತಾರಂತೆ, ಸೂಜಿ ಬಿಟ್ಟು.

ಈಗ ಮನೆಯಲ್ಲಿ ನಾನು ಬಟ್ಟೆ ಒಣಹಾಕುವ ಕ್ಲಿಪ್ಪನ್ನು ತುಟಿಯಲ್ಲಿ ಕಚ್ಚಿಕೊಂಡು ಓಡಾಡುತ್ತೇನೆ. ಮಗು ಏನಾದರೂ ಬೇಕೆಂದು ಬಂದರೆ ಮನಸ್ಸಿನಲ್ಲಿ ಹತ್ತು ಎಣಿಸುತ್ತೇನೆ. ನಿಮ್ಮ ಸೊಸೆ ಹತ್ತೆಣಿಸುವವರೆಗೆ ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂದರೆ ನೀವು ನಂಬುವುದಿಲ್ಲ, ನಿಮ್ಮ ಮಗನನ್ನು ಕೇಳಿ. ಅವರು ಮನೆ ಇಷ್ಟು ತಣ್ಣಗೆ ಯಾವತ್ತೂ ಇರಲಿಲ್ಲ, ಕ್ಲಿಪ್ಪನ್ನು ಹಾಗೇ ಇಟ್ಟುಕೋ ಎನ್ನುತ್ತಾರೆ. ಮೊದಲೆರಡು ದಿನ ನನಗೆ ಉಸಿರು ಕಟ್ಟಿದಂತಾಯಿತು. ಮೂರನೆಯ ದಿನ ಎಂಟು ಎಣಿಸುವಾಗ ಚಿಟಿಕೆ "ನೀಲಿ ಲೋಟ" ಎಂದಳು. ನಾನು ಕೆಂಪು ಲೋಟಕ್ಕೆ ಕೈ ಹಾಕಿದ್ದೆ. ಇಷ್ಟು ವರ್ಷ ಅವಳಿಗೆ ಬೇಡದ ಲೋಟದಲ್ಲಿ ನೀರು ಕೊಡುತ್ತಿದ್ದೆನೇನೋ, ಯಾರಿಗೆ ಗೊತ್ತು.

ಅತ್ತೆ, ತಪ್ಪಾಯಿತು. ಅದನ್ನು ಸುತ್ತಿಬಳಸದೆ ಬರೆಯುತ್ತಿದ್ದೇನೆ. ಅದಕ್ಕಿಂತ ದೊಡ್ಡದಾಗಿ ಇನ್ನೊಂದನ್ನು ಬರೆಯಬೇಕು. ಸರ್ಜನ್ ಮೇಡಂ ಕೈಗೆ, ಮಾತಿನ ಟೀಚರ್ ತಾಳ್ಮೆಗೆ, ಸೂಜಿ ಕೆಳಗಿಟ್ಟು ಓಡಿದ ಆ ನರ್ಸಿಗೆ ನಾನು ಋಣಿ. ಆದರೆ ಇದ್ದದ್ದನ್ನು ಇದ್ದ ಹಾಗೆ ಅಳೆದು, ಬೈಸಿಕೊಂಡು, ಆ ಅಳತೆಯನ್ನು ನನಗಾಗಿ ಡ್ರಾಯರಿನಲ್ಲಿ ಬಿಟ್ಟುಹೋದವರು ನೀವು. ನನ್ನ ಮಗು ಇವತ್ತು ಕಣ್ಣು ಬಿಟ್ಟುಕೊಂಡು ಎಚ್ಚರವಾಗಿ ಆಡುತ್ತಿದ್ದರೆ ಅದು ನಿಮ್ಮ ಆ ಒಂದು ಪುಟದಿಂದ. ನಾನು ಇದನ್ನು ಮರೆಯುವವಳಲ್ಲ, ಮರೆತರೆ ನೆನಪಿಸಿ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಲ್ಲ? ನಾದಿನಿಗೆ ನನ್ನ ನೆನಪು ಹೇಳಿ.

ಕ್ಲಿಪ್ಪು ಕಚ್ಚಿಕೊಂಡೇ ಇದನ್ನು ಬರೆದ,
ನಿಮ್ಮ ಸೊಸೆ

ತಾ. ಕ.: ಒಂದನ್ನು ಕೊನೆಗೆಂದು ಎತ್ತಿಟ್ಟಿದ್ದೆ. ಗುರುವಾರ ಸಂಜೆ ಮಷಿನ್ನಿನ ಧೂಳು ಒರೆಸೋಣವೆಂದು ಬಟ್ಟೆ ತೆಗೆದೆ. ಚಿಟಿಕೆ ತನ್ನ ಮಣೆ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಪೆಡಲ್ ನೋಡಿದಳು, ನಿಮ್ಮ ಖಾಲಿ ಕುರ್ಚಿ ನೋಡಿದಳು, ನನ್ನ ಮುಖ ನೋಡಿದಳು. ನನಗೆ ಗೊತ್ತಾಯಿತು ಅವಳ ಬಾಯಲ್ಲಿ ಏನಿದೆ ಅಂತ. ಆದರೂ ಕ್ಲಿಪ್ಪು ಬಿಗಿಯಾಗಿ ಕಚ್ಚಿಕೊಂಡು ಎಣಿಸಿದೆ. ಹತ್ತು ದಾಟಿತು, ಹದಿನಾಲ್ಕಕ್ಕೆ ಹೇಳಿದಳು, "ಅಜ್ಜಿ ಬಾ."

ಇದನ್ನು ನಾನು ಎಲ್ಲೂ ಬರೆದುಕೊಂಡಿಲ್ಲ. ನಿಮ್ಮ ಕಿವಿಗೆ ಬಿದ್ದದ್ದನ್ನು ಮಾತ್ರ ಬರೆಯುವ ಪುಸ್ತಕ ಅದು. ನಲವತ್ತೇಳರ ಕೆಳಗಿನ ಸಾಲು ಖಾಲಿಯಿದೆ, ನೀವೇ ಬಂದು ಕೇಳಿ ಬರೆಯಿರಿ. ಶನಿವಾರ ಬೆಳಗಿನ ಬಸ್ಸಿನ ಟಿಕೆಟ್ ಇದರೊಳಗಿಟ್ಟಿದ್ದೇನೆ, ಕಿಟಕಿ ಪಕ್ಕದ ಸೀಟು. ನೀವು ಬರುತ್ತೇನೆ ಅಂತ ಬಾಯಿ ಬಿಡುವ ಮೊದಲೇ ಹರಿದುಬಿಟ್ಟೆ. ಇದೊಂದು ಸಲ ಮನ್ನಿಸಿ.